ಪೆಟ್ಟಾದ ಎತ್ತನ್ನು ಮತ್ತೆ ನೊಗಕ್ಕೆ ಹೂಡುವ ಕ್ರಮ

ಮುಂಗಾರಿನ ಮೊದಲ ಹದ ಮಳೆ ಬಿದ್ದು ಎರಡು ದಿನವಾಗಿದೆ. ಹೊಲ ಆರಿ ಉಳುಮೆಗೆ ಬಂದಿದೆ. ರೈತ ಬೆಳಿಗ್ಗೆ ಎತ್ತು ಹೂಡಿಕೊಂಡು ಹೊರಡುತ್ತಾನೆ. ಹಳ್ಳದ ಇಳಿಜಾರಿನ ಕೆಸರಿನಲ್ಲಿ ಒಂದು ಎತ್ತಿನ ಹಿಂಗಾಲು ಪಕ್ಕಕ್ಕೆ ಜಾರುತ್ತದೆ. ಎತ್ತು ಹೇಗೋ ಸಾವರಿಸಿಕೊಂಡು ನಿಲ್ಲುತ್ತದೆ, ಆದರೆ ಆ ಕಾಲನ್ನು ಊರಲು ಹಿಂಜರಿಯುತ್ತದೆ. ತೊಡೆಯ ಒಳಬದಿ ಊದಿಕೊಂಡು ಮುಟ್ಟಿದರೆ ಬಿಸಿಯಾಗಿರುತ್ತದೆ. ಮೂರು ನಾಲ್ಕು ದಿನ ಕೊಟ್ಟಿಗೆಯಲ್ಲಿ ಕಟ್ಟಿದ ಮೇಲೆ ಕುಂಟು ಕಡಿಮೆಯಾಗುತ್ತದೆ. ಅಕ್ಕಪಕ್ಕದ ಹೊಲಗಳಲ್ಲಿ ಬಿತ್ತನೆ ನಡೆದಿರುವುದನ್ನು ಕಂಡ ರೈತನಿಗೆ ತಾಳ್ಮೆ ಉಳಿಯುವುದಿಲ್ಲ. ಆರನೆಯ ದಿನ ಎತ್ತು ಮತ್ತೆ ನೇಗಿಲಿಗೆ ಬರುತ್ತದೆ. ಎರಡು ಸಾಲು ಸರಿಯಾಗಿ ನಡೆದು ಮೂರನೆಯ ಸಾಲಿನಲ್ಲಿ ನಿಂತುಬಿಡುತ್ತದೆ. ಈ ಸಲದ ಕುಂಟು ಬೇಗ ಹೋಗುವುದಿಲ್ಲ. ಹಂಗಾಮು ಮುಗಿಯುವ ಹೊತ್ತಿಗೆ ಅದು ಜಾತ್ರೆಯಲ್ಲಿ ಸಿಕ್ಕಿದ ಬೆಲೆಗೆ ಮಾರಾಟವಾಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಇಂಥ ಸಂಗತಿ ಹೊಸದೇನಲ್ಲ. ಮಾಂಸಖಂಡದ ಪೆಟ್ಟಿನಿಂದ ಕೆಲಸ ಕಳೆದುಕೊಳ್ಳುವ ಎತ್ತುಗಳಲ್ಲಿ ಅನೇಕವು ಮೊದಲ ಪೆಟ್ಟಿನಿಂದ ಸುಧಾರಿಸಿಕೊಳ್ಳಬಲ್ಲವೇ ಆಗಿರುತ್ತವೆ. ಅವುಗಳನ್ನು ಕೆಡಿಸುವುದು ಅವಸರದಿಂದ ಬೀಳುವ ಎರಡನೆಯ ಪೆಟ್ಟು. ಟ್ರ್ಯಾಕ್ಟರು ಎಲ್ಲೆಡೆ ಬಂದಿರುವ ಈ ದಿನಗಳಲ್ಲಿಯೂ ಸಣ್ಣ ಹಿಡುವಳಿಯಲ್ಲಿ ಕೂರಿಗೆ ಬಿತ್ತನೆ, ಎಡೆ ಹೊಡೆಯುವುದು, ಗೊಬ್ಬರ ಸಾಗಿಸುವುದು ಮುಂತಾದ ಕೆಲಸಗಳಿಗೆ ಎತ್ತೇ ಆಧಾರ. ಹಳ್ಳಿಕಾರ್ ಆಗಲಿ ಖಿಲಾರಿ ಆಗಲಿ, ಹೊಂದಿದ ಜೋಡಿಯಲ್ಲಿ ಒಂದು ಹೋದರೆ ಉಳಿದದ್ದರ ಬೆಲೆಯೂ ತಗ್ಗುತ್ತದೆ. ಆದುದರಿಂದ ಪೆಟ್ಟಾದ ಎತ್ತನ್ನು ಯಾವ ಕ್ರಮದಲ್ಲಿ ಮತ್ತೆ ಕೆಲಸಕ್ಕೆ ತರಬೇಕೆಂಬುದನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಅವಶ್ಯ.

ಮಾಂಸಖಂಡ ಹರಿದಾಗ ಒಳಗೆ ಆಗುವುದೇನು?

ಮಾಂಸಖಂಡವೆಂದರೆ ಸಾವಿರಾರು ಸಣ್ಣ ಎಳೆಗಳ ಕಟ್ಟು. ಅದನ್ನು ನಾರಿನ ಹಗ್ಗಕ್ಕೆ ಹೋಲಿಸಬಹುದು. ಶಕ್ತಿಗೆ ಮೀರಿ ಜಗ್ಗಿದಾಗ ಕೆಲವು ಎಳೆಗಳು ಹರಿಯುತ್ತವೆ. ಅವುಗಳ ಜೊತೆಗೆ ಸಣ್ಣ ರಕ್ತನಾಳಗಳೂ ಹರಿದು ಒಳಗೆ ರಕ್ತ ಸುರಿಯುತ್ತದೆ. ಮೊದಲ ಎರಡು ಮೂರು ದಿನ ಊತ, ಬಿಸಿ, ನೋವು ಹೆಚ್ಚಾಗಿರುವುದು ಇದರಿಂದಲೇ.

ಅನಂತರ ದೇಹ ಎರಡು ಕೆಲಸಗಳನ್ನು ಒಟ್ಟಿಗೆ ಆರಂಭಿಸುತ್ತದೆ. ಮೊದಲನೆಯದು, ಹರಿದ ಜಾಗದಲ್ಲಿ ಹೊಸ ಮಾಂಸದ ಎಳೆಗಳನ್ನು ಬೆಳೆಸುವುದು. ಎರಡನೆಯದು, ಬಿರುಕನ್ನು ನಾರಿನಂಥ ಗಾಯದ ಅಂಗಾಂಶದಿಂದ ತೇಪೆ ಹಾಕುವುದು. ಈ ತೇಪೆ ಮೊದಲ ವಾರದಲ್ಲಿ ಬಹಳ ಮೆದು. ನೋವು ಕಡಿಮೆಯಾಗುವುದೂ ಅದೇ ವಾರದಲ್ಲಿ. ನೋವು ಹೋದ ದಿನವೇ ಎತ್ತು ಗುಣವಾಯಿತೆಂದು ತಿಳಿದರೆ ಮೋಸ ಹೋಗುವುದು ಈ ಕಾರಣದಿಂದ. ಹಸಿ ಗೋಡೆಯ ಮೇಲೆ ತೊಲೆ ಇಟ್ಟಂತೆ, ಮೆದು ತೇಪೆಯ ಮೇಲೆ ನೇಗಿಲಿನ ಎಳೆತ ಬಿದ್ದರೆ ಅದು ಮತ್ತೆ ಹರಿಯುತ್ತದೆ. ಎರಡನೆಯ ಸಲ ಹರಿದದ್ದಕ್ಕೆ ತೇಪೆ ಇನ್ನೂ ದಪ್ಪ, ಮಾಂಸ ಇನ್ನೂ ಕಡಿಮೆ. ತೇಪೆಗೆ ಸಂಕುಚಿಸುವ ಶಕ್ತಿ ಇಲ್ಲ. ಅದು ಹೆಚ್ಚಿದಷ್ಟೂ ಎತ್ತಿನ ಬಲ ಕುಗ್ಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ.

ಹಾಗೆಂದು ತಿಂಗಳುಗಟ್ಟಲೆ ಕಟ್ಟಿಹಾಕುವುದೂ ತಪ್ಪೇ. ಹೊಸ ಎಳೆಗಳು ಎಳೆತದ ದಿಕ್ಕಿಗೆ ಸರಿಯಾಗಿ ಜೋಡಣೆಯಾಗಬೇಕಾದರೆ ಆ ಭಾಗಕ್ಕೆ ಮಿತವಾದ ಚಲನೆ ಬೇಕು. ಚಲನೆಯೇ ಇಲ್ಲದಿದ್ದರೆ ಎಳೆಗಳು ಅಡ್ಡಾದಿಡ್ಡಿ ಬೆಳೆದು ಗಂಟುಕಟ್ಟುತ್ತವೆ, ಸುತ್ತಲಿನ ಒಳ್ಳೆಯ ಮಾಂಸವೂ ಸೊರಗುತ್ತದೆ. ಕೆಲವು ದಿನ ವಿಶ್ರಾಂತಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕೆಲಸ ಎಂಬ ಕ್ರಮ ಹುಟ್ಟಿರುವುದು ಹೀಗೆ. ಪಂದ್ಯದ ಕುದುರೆಗಳಿಗೆ ಪೆಟ್ಟಾದಾಗಲೂ ಅನುಸರಿಸುವುದು ಇದನ್ನೇ. ಸವಾರನಿಲ್ಲದೆ ಕೈಯಲ್ಲಿ ಹಿಡಿದು ನಡೆಸುವುದೇ ಅವುಗಳ ಮೊದಲ ವ್ಯಾಯಾಮ.

ಕುಂಟುವುದೆಲ್ಲ ಉಳುಕಲ್ಲ

ಎತ್ತು ಕುಂಟಿದ ಕೂಡಲೆ ಮೊದಲು ನೋಡಬೇಕಾದುದು ಗೊರಸನ್ನು. ಜಾಲಿ ಮುಳ್ಳು, ಲಾಳದ ಮೊಳೆ, ಗೊರಸಿನ ಸಂದಿಯಲ್ಲಿ ಸಿಕ್ಕಿಕೊಂಡ ಕಲ್ಲು ಇವುಗಳಿಂದ ಆಗುವ ಕುಂಟೇ ಹೆಚ್ಚು. ಗೊರಸನ್ನು ತೊಳೆದು, ಒತ್ತಿ, ತಟ್ಟಿ ನೋಡಿದ ಮೇಲೆಯೇ ಮೇಲಿನ ಭಾಗವನ್ನು ಪರೀಕ್ಷಿಸಬೇಕು. ಬಾಯಲ್ಲಿ ಮತ್ತು ಗೊರಸಿನ ಸಂದಿಯಲ್ಲಿ ಗುಳ್ಳೆಗಳಿದ್ದರೆ ಅದು ಕಾಲುಬಾಯಿ ಜ್ವರ. ಜ್ವರವಿದ್ದು, ಮೈ ಸೆಟೆದು, ಕುಂಟು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಗುತ್ತಿದ್ದರೆ ಮೂರು ದಿನದ ಜ್ವರವಿರಬಹುದು. ನಡೆಯುವಾಗ ಹಿಂಗಾಲು ಇದ್ದಕ್ಕಿದ್ದಂತೆ ಹಿಂದಕ್ಕೆ ಸೆಟೆದು ನಿಂತು, ಜಗ್ಗಿದಂತೆ ಬಿಡಿಸಿಕೊಂಡರೆ ಅದು ಮಂಡಿ ಚಿಪ್ಪು ಸಿಕ್ಕಿಕೊಳ್ಳುವ ದೋಷ. ಇದನ್ನು ಪಶುವೈದ್ಯರು ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಾರೆ. ನೀವುವುದರಿಂದ ಅದು ಹೋಗುವುದಿಲ್ಲ.

ಎಲ್ಲಕ್ಕಿಂತ ಎಚ್ಚರಿಕೆ ಬೇಕಾದುದು ಚಪ್ಪೆ ರೋಗದ ವಿಷಯದಲ್ಲಿ. ಇದು ಹೆಚ್ಚಾಗಿ ಆರು ತಿಂಗಳಿನಿಂದ ಎರಡು ವರ್ಷದೊಳಗಿನ, ಮೈದುಂಬಿದ ಕರುಗಳಿಗೂ ಹೋರಿಗಳಿಗೂ ಮಳೆಗಾಲದಲ್ಲಿ ಬರುತ್ತದೆ. ತೊಡೆ ಅಥವಾ ಭುಜ ಊದಿ ಪ್ರಾಣಿ ಕುಂಟುತ್ತದೆ, ಜ್ವರ ಏರುತ್ತದೆ. ಊದಿದ ಜಾಗವನ್ನು ಒತ್ತಿದರೆ ಒಳಗೆ ಗಾಳಿ ತುಂಬಿದಂತೆ ಚರಚರ ಸದ್ದು ಬರುತ್ತದೆ. ಇದನ್ನು ಉಳುಕೆಂದು ತಿಳಿದು ಶಾಖ ಕೊಡುತ್ತ ಕುಳಿತರೆ ಒಂದೆರಡು ದಿನದಲ್ಲಿ ಪ್ರಾಣಿ ಸಾಯುತ್ತದೆ. ಪೆಟ್ಟು ಬಿದ್ದುದನ್ನು ಯಾರೂ ಕಾಣದಿದ್ದು, ಜ್ವರದೊಡನೆ ಊತವಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಯಬೇಕು. ಆಸ್ಪತ್ರೆ ದೂರವಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ ೧೯೬೨ ಸಂಖ್ಯೆಗೆ ದೂರವಾಣಿ ಮಾಡಬಹುದು.

ಪೆಟ್ಟಿನ ಜಾಗ ಮತ್ತು ಪ್ರಮಾಣ

ಉಳುವ ಎತ್ತುಗಳಲ್ಲಿ ಪೆಟ್ಟು ಬೀಳುವ ಜಾಗಗಳು ಮುಖ್ಯವಾಗಿ ಮೂರು. ಕೆಸರಿನಲ್ಲಿ ಅಥವಾ ನುಣುಪು ಚಪ್ಪಡಿಯ ಮೇಲೆ ಕಾಲು ಅಗಲವಾಗಿ ಜಾರಿದರೆ ತೊಡೆಯ ಒಳಬದಿ ಹರಿಯುತ್ತದೆ. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿ ಒಮ್ಮೆಲೆ ನಿಂತರೆ ಭುಜಕ್ಕೆ ಪೆಟ್ಟಾಗುತ್ತದೆ. ಹಳ್ಳ ಹತ್ತುವಾಗ ತುಂಬಿದ ಗಾಡಿಯನ್ನು ಜಗ್ಗಿದರೆ ಸೊಂಟ ಮತ್ತು ತೊಡೆಯ ಹಿಂಭಾಗಕ್ಕೆ ಪೆಟ್ಟು. ಭುಜದ ಪೆಟ್ಟಿನಲ್ಲಿ ನರಕ್ಕೂ ಏಟು ಬಿದ್ದಿದ್ದರೆ ಎರಡು ಮೂರು ವಾರದಲ್ಲಿ ಭುಜದ ಮಾಂಸ ಕರಗಿ ಎಲುಬಿನ ಏಣು ಎದ್ದು ಕಾಣುತ್ತದೆ. ಇಂಥದ್ದು ವಾಸಿಯಾಗಲು ತಿಂಗಳುಗಳೇ ಬೇಕು.

ಪ್ರಮಾಣವನ್ನು ಹೀಗೆ ಅಂದಾಜು ಮಾಡಬಹುದು. ಎತ್ತು ಕಾಲೂರಿ ನಡೆಯುತ್ತದೆ, ತುಸು ಕುಂಟುತ್ತದೆ, ಊತ ಅಷ್ಟಾಗಿ ಇಲ್ಲವೆಂದರೆ ಪೆಟ್ಟು ಹಗುರ. ಎರಡು ಮೂರು ವಾರದಲ್ಲಿ ಸರಿಹೋಗುತ್ತದೆ. ಊತ ಸ್ಪಷ್ಟವಾಗಿದ್ದು ಎತ್ತು ಭಾರ ಬಿಡಲು ಹಿಂಜರಿದರೆ ಮಧ್ಯಮ. ಆರರಿಂದ ಎಂಟು ವಾರ ಬೇಕು. ಕಾಲು ಊರಲಾರದೆ ಮಲಗಿದರೆ, ಮಾಂಸದಲ್ಲಿ ಕೈಗೆ ಗುಣಿ ಸಿಕ್ಕಿದರೆ, ಅಥವಾ ಹಿಂಗಾಲಿನ ನಡುಗಂಟು ನೆಲಕ್ಕೆ ಕುಸಿದಂತಿದ್ದರೆ ಪೆಟ್ಟು ತೀವ್ರ. ಇದರಲ್ಲಿ ಮೂರು ನಾಲ್ಕು ತಿಂಗಳು ಹಿಡಿಯಬಹುದು, ಪೂರ್ತಿ ಹರಿದಿದ್ದರೆ ಎತ್ತು ದುಡಿಮೆಗೆ ಮರಳದೆಯೂ ಇರಬಹುದು. ಮಧ್ಯಮ ಮತ್ತು ತೀವ್ರ ಪೆಟ್ಟುಗಳನ್ನು ಪಶುವೈದ್ಯರಿಗೆ ತೋರಿಸದೆ ಮುಂದುವರಿಯಕೂಡದು.

ಮೊದಲ ಮೂರು ದಿನ

ಮೊದಲ ಮೂರು ದಿನಗಳ ಗುರಿ ಒಳಗಿನ ರಕ್ತಸ್ರಾವವನ್ನೂ ಊತವನ್ನೂ ತಡೆಯುವುದು. ಪೆಟ್ಟು ಬಿದ್ದಲ್ಲಿಯೇ ನೊಗ ಬಿಚ್ಚಬೇಕು. ಉಳಿದ ಸಾಲು ಮುಗಿಸಿಬಿಡೋಣವೆಂಬ ಆಸೆ ಬೇಡ. ಭಾವಿಯ ತಣ್ಣೀರನ್ನು ಪೆಟ್ಟಿನ ಜಾಗದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಸುರಿಯಬೇಕು, ಇಲ್ಲವೆ ನೆನೆಸಿದ ಗೋಣಿತಟ್ಟನ್ನು ಹಾಕಿ ಆಗಾಗ ನೀರು ಚಿಮುಕಿಸಬೇಕು. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಬೇಕು. ಈ ಅವಧಿಯಲ್ಲಿ ಬಿಸಿನೀರು, ಶಾಖ, ನೀವುವುದು ಯಾವುದೂ ಕೂಡದು. ಅವುಗಳಿಂದ ರಕ್ತಸ್ರಾವ ಹೆಚ್ಚುತ್ತದೆ.

ಕೊಟ್ಟಿಗೆಯ ನೆಲ ಜಾರುವಂತಿರಬಾರದು. ಕಲ್ಲು ಚಪ್ಪಡಿಯ ನೆಲವಾದರೆ ಮರಳು ಹರಡಿ, ಮೇಲೆ ರಾಗಿ ಹುಲ್ಲೋ ಕಸರು ಮೇವೋ ಗೇಣುದ್ದ ಹಾಸಬೇಕು. ಮೇವು ನೀರು ಬಾಯಿಗೆ ಎಟುಕುವಂತೆ ಇಡಬೇಕು. ಎದ್ದೇಳಲಾರದೆ ಮಲಗಿದ ಎತ್ತನ್ನು ಒಂದೇ ಮಗ್ಗುಲಲ್ಲಿ ಬಿಡಬಾರದು. ತನ್ನ ಭಾರದಿಂದಲೇ ಕೆಳಗಿನ ತೊಡೆಯ ಮಾಂಸಕ್ಕೆ ರಕ್ತ ಹರಿಯುವುದು ನಿಂತು, ಪೆಟ್ಟಾಗದ ಕಾಲೂ ಕೆಡುತ್ತದೆ. ಹಗಲೂ ರಾತ್ರಿಯೂ ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.

ನಾಲ್ಕನೆಯ ದಿನದಿಂದ, ಊತ ಇಳಿಯತೊಡಗಿದ್ದರೆ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ದಿನಕ್ಕೆ ಎರಡು ಸಲ ಶಾಖ ಕೊಡಬಹುದು. ನೀರು ನಮ್ಮ ಕೈಗೆ ತಾಳುವಷ್ಟೇ ಬಿಸಿ ಇರಬೇಕು. ಒಂದು ವಾರ ಕಳೆದ ಮೇಲೆ ಹರಳೆಣ್ಣೆಯನ್ನೋ ಹೊಂಗೆ ಎಣ್ಣೆಯನ್ನೋ ಕೈಗೆ ಸವರಿಕೊಂಡು ಕೆಳಗಿನಿಂದ ಮೇಲಕ್ಕೆ ಹಗುರವಾಗಿ ನೀವಬಹುದು. ಇಲ್ಲಿ ಎಣ್ಣೆ ಕೈ ಜಾರುವುದಕ್ಕೆ ಮಾತ್ರ. ಗುಣ ಕೊಡುವುದು ನೀವುವ ಕೆಲಸ.

ಬರೆ, ಗೇರೆಣ್ಣೆ ಮತ್ತು ನೋವಿನ ಸೂಜಿಮದ್ದು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನಗುವುದಕ್ಕಾಗಿ ಹುಟ್ಟಿದ್ದು. ಆದರೆ ಉಳುಕಿದ ಎತ್ತಿಗೇ ಬರೆ ಹಾಕಿದರೂ ಪ್ರಯೋಜನವಿಲ್ಲ. ಕಾಯಿಸಿದ ಕಬ್ಬಿಣ ಚರ್ಮವನ್ನು ಸುಡುತ್ತದೆ, ಹರಿದ ಮಾಂಸ ಅದರ ಕೆಳಗೆ ಆಳದಲ್ಲಿರುತ್ತದೆ. ಬರೆ ಹಾಕಿದ ಮೇಲೆ ಎತ್ತು ಗುಣವಾದಂತೆ ಕಂಡಿದ್ದರೆ, ಆ ನೋವಿಗೆ ಮೂರು ವಾರ ಯಾರೂ ಅದನ್ನು ಹೂಡಲಿಲ್ಲವೆಂಬುದೇ ಕಾರಣ. ಗುಣ ಕೊಟ್ಟದ್ದು ವಿಶ್ರಾಂತಿ, ಹೆಸರು ಬಂದದ್ದು ಬರೆಗೆ. ಸುಟ್ಟ ಗಾಯಕ್ಕೆ ನೊಣ ಕೂತು ಹುಳು ಬೀಳುವ ಅಪಾಯ ಬೇರೆ. ಚರ್ಮವನ್ನು ಬೊಬ್ಬೆ ಎಬ್ಬಿಸುವ ಗೇರೆಣ್ಣೆಯ ಮಾತೂ ಇಷ್ಟೆ.

ನೋವಿನ ಸೂಜಿಮದ್ದಿನಿಂದ ಬೇರೊಂದು ಬಗೆಯ ಅಪಾಯವಿದೆ. ವೈದ್ಯರು ಕೊಟ್ಟರೆ ಅದು ಊತವಿಳಿಸಿ ಎತ್ತಿಗೆ ಸುಖ ಕೊಡುವುದು ನಿಜ. ಆದರೆ ಮದ್ದಿನ ಪ್ರಭಾವದಲ್ಲಿ ಎತ್ತು ಕುಂಟದೆ ನಡೆದುದನ್ನು ಕಂಡು ನೊಗಕ್ಕೆ ಹೂಡಿದರೆ ಕೆಟ್ಟಿತು. ಎತ್ತು ಬಾಯಿಲ್ಲದ ಪ್ರಾಣಿ, ನೋವೊಂದೇ ಅದರ ಮಾತು. ಮದ್ದಿನಿಂದ ಆ ಮಾತನ್ನು ಅಡಗಿಸಿರುವ ದಿನಗಳಲ್ಲಿ ಎತ್ತಿನ ಗುಣವನ್ನು ಅಳೆಯಬಾರದು. ಮದ್ದು ನಿಲ್ಲಿಸಿ ಮೂರು ದಿನ ಕಳೆದ ಮೇಲಿನ ನಡಿಗೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಅಂಗಡಿಯಿಂದ ತಾವೇ ಮದ್ದು ತಂದು ಚುಚ್ಚುವ ರೈತರಿಗೆ ಇನ್ನೊಂದು ಮಾತು. ಡೈಕ್ಲೋಫೆನಾಕ್ ಎಂಬ ನೋವಿನ ಮದ್ದನ್ನು ಪಶುಗಳಿಗೆ ಬಳಸುವುದನ್ನು ನಮ್ಮ ದೇಶದಲ್ಲಿ ೨೦೦೬ರಲ್ಲಿಯೇ ನಿಷೇಧಿಸಲಾಯಿತು. ಈ ಮದ್ದು ಪಡೆದ ದನ ಸತ್ತಾಗ ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಹಳ್ಳಿಯ ಸತ್ತ ದನವನ್ನು ಗಂಟೆಗಳಲ್ಲಿ ಶುಚಿಮಾಡುತ್ತಿದ್ದ ಹಕ್ಕಿಗಳು ಕಾಣದಾದವು. ಕರ್ನಾಟಕದಲ್ಲಿ ಉಳಿದಿರುವ ರಣಹದ್ದುಗಳ ರಕ್ಷಣೆಗೆ ರಾಮನಗರದ ರಾಮದೇವರ ಬೆಟ್ಟವನ್ನು ೨೦೧೨ರಲ್ಲಿ ಧಾಮವಾಗಿ ಘೋಷಿಸಬೇಕಾಯಿತು. ೨೦೨೩ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಮದ್ದುಗಳನ್ನೂ ಪಶುಗಳ ಬಳಕೆಯಿಂದ ತೆಗೆಯಲಾಗಿದೆ. ರಣಹದ್ದಿಗೆ ತೊಂದರೆ ಮಾಡದ ಮೆಲಾಕ್ಸಿಕಾಮ್ ಲಭ್ಯವಿದೆ. ಅದನ್ನೂ ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಕೊಡಿಸಬೇಕು.

ಎಳೆತದ ಲೆಕ್ಕ

ಎತ್ತನ್ನು ಹಂತ ಹಂತವಾಗಿ ಕೆಲಸಕ್ಕೆ ತರುವುದೆಂದರೆ ಯಾವ ಕೆಲಸ ಎಷ್ಟು ಭಾರವೆಂದು ತಿಳಿದಿರಬೇಕು. ಆರೋಗ್ಯವಂತ ಎತ್ತು ತನ್ನ ತೂಕದ ಹತ್ತನೆಯ ಒಂದು ಭಾಗದಷ್ಟು ಎಳೆತವನ್ನು ಗಂಟೆಗಟ್ಟಲೆ ತಾಳಬಲ್ಲದೆಂದು ಸಾಮಾನ್ಯ ಲೆಕ್ಕ. ೪೦೦ ಕಿಲೋ ತೂಗುವ ಎತ್ತಿಗೆ ಇದು ಸುಮಾರು ೪೦ ಕಿಲೋ, ಜೋಡಿಗೆ ೮೦ ಕಿಲೋ.

ನೇಗಿಲಿನ ಎಳೆತ ಆಳವನ್ನೂ ಮಣ್ಣಿನ ಹದವನ್ನೂ ಅವಲಂಬಿಸಿದೆ. ನಾಡ ನೇಗಿಲು ಬಿಡಿಸುವ ಸಾಲು ಮೇಲೆ ಅಗಲ, ಕೆಳಗೆ ಚೂಪು. ಆಳ ಹೆಚ್ಚಿದಂತೆ ಅಗಲವೂ ಹೆಚ್ಚುತ್ತದೆ. ಆದುದರಿಂದ ೧೦ ಸೆಂಟಿಮೀಟರ್ ಆಳದ ಸಾಲನ್ನು ೧೫ ಸೆಂಟಿಮೀಟರಿಗೆ ಇಳಿಸಿದರೆ ಬಿಡಿಸಬೇಕಾದ ಮಣ್ಣು ಒಂದೂವರೆ ಪಟ್ಟಾಗುವುದಿಲ್ಲ, ಎರಡು ಪಟ್ಟಿಗೂ ಮೀರುತ್ತದೆ. ಮೇಳಿಯ ಮೇಲೆ ಕೈ ತುಸು ಒತ್ತಿದರೆ ಎತ್ತಿನ ಹೆಗಲ ಮೇಲೆ ಎಷ್ಟು ಬೀಳುತ್ತದೆಂಬುದು ಇದರಿಂದ ತಿಳಿಯುತ್ತದೆ. ಒಣಗಿದ ಎರೆ ಭೂಮಿ ಕಲ್ಲಿನಂತಿರುತ್ತದೆ, ಅತಿ ಹಸಿಯಾದರೆ ಅಂಟಿಕೊಂಡು ಜಗ್ಗುತ್ತದೆ, ಜೊತೆಗೆ ಕಾಲೂ ಹೂತುಹೋಗುತ್ತದೆ. ಹಿಡಿಯಲ್ಲಿ ಉಂಡೆಯಾಗಿ, ಬಿದ್ದರೆ ಪುಡಿಯಾಗುವ ಹದದಲ್ಲಿ ಎಳೆತ ಅತಿ ಕಡಿಮೆ. ಕೆಂಪು ಮರಳುಮಿಶ್ರ ಭೂಮಿ ಎರೆಗಿಂತ ಹಗುರ.

ಗಾಡಿಯ ಲೆಕ್ಕ ಬೇರೆ. ಒಟ್ಟು ಒಂದು ಟನ್ ತೂಗುವ ಟೈರು ಗಾಡಿಯನ್ನು ಸಮತಟ್ಟಾದ ಟಾರು ರಸ್ತೆಯಲ್ಲಿ ಎಳೆಯಲು ೨೦ರಿಂದ ೩೦ ಕಿಲೋ ಎಳೆತ ಸಾಕು. ಮಣ್ಣಿನ ದಾರಿಯಲ್ಲಿ ಅದು ಎರಡು ಮೂರು ಪಟ್ಟಾಗುತ್ತದೆ. ಇಪ್ಪತ್ತು ಅಡಿಗೆ ಒಂದಡಿ ಏರುವ ದಾರಿಯಾದರೆ ಏರಿಗೆಂದೇ ಇನ್ನೂ ೫೦ ಕಿಲೋ ಸೇರುತ್ತದೆ. ಇಳಿಜಾರಿನಲ್ಲಿ ಅದೇ ೫೦ ಕಿಲೋ ಹಿಂದಿನಿಂದ ತಳ್ಳುತ್ತದೆ. ಆಗ ಹಿಂಗಾಲಿನ ಮಾಂಸಖಂಡಗಳೇ ಅದನ್ನು ತಡೆಯಬೇಕು. ತೊಡೆಗೆ ಪೆಟ್ಟಾದ ಎತ್ತಿಗೆ ಇಳಿಜಾರು ಏರಿನಷ್ಟೇ ಕೆಟ್ಟದು.

ಕೆಲಸದ ಮೆಟ್ಟಿಲುಗಳು

ಮಧ್ಯಮ ಪ್ರಮಾಣದ ಪೆಟ್ಟಿಗೆ ಈ ಕೆಳಗಿನ ಕ್ರಮ ಹೊಂದುತ್ತದೆ. ಹಗುರ ಪೆಟ್ಟಿಗೆ ಅವಧಿಯನ್ನು ಅರ್ಧಕ್ಕೆ ಇಳಿಸಬಹುದು. ತೀವ್ರ ಪೆಟ್ಟಿಗೆ ವೈದ್ಯರ ಸಲಹೆಯಂತೆ ದುಪ್ಪಟ್ಟು ಮಾಡಬೇಕು.

೧. ನಾಲ್ಕನೆಯ ದಿನದಿಂದ ಹತ್ತನೆಯ ದಿನದವರೆಗೆ: ಕೊಟ್ಟಿಗೆಯ ಮುಂದಿನ ಸಮ ನೆಲದಲ್ಲಿ ಹಗ್ಗ ಹಿಡಿದು ಐದು ನಿಮಿಷ ನಡೆಸುವುದು, ದಿನಕ್ಕೆ ಎರಡು ಮೂರು ಸಲ.

೨. ಮೂರನೆಯ ವಾರದ ಕೊನೆಯವರೆಗೆ: ಗಟ್ಟಿಯಾದ, ಸಮನಾದ ದಾರಿಯಲ್ಲಿ ಬೆಳಿಗ್ಗೆ ಸಂಜೆ ನಡಿಗೆ. ಹತ್ತು ನಿಮಿಷದಿಂದ ಆರಂಭಿಸಿ ಅರ್ಧ ಗಂಟೆಗೆ ಏರಿಸುವುದು. ಓಡಿಸಬಾರದು, ಗಕ್ಕನೆ ತಿರುಗಿಸಬಾರದು.

೩. ನಾಲ್ಕನೆಯ ವಾರ: ಉತ್ತು ಬಿಟ್ಟ ಮೆದು ಹೊಲದಲ್ಲಿ ಮತ್ತು ಸಣ್ಣ ಏರಿನಲ್ಲಿ ನಡಿಗೆ. ವಾರದ ಕೊನೆಗೆ ಜೊತೆಯ ಎತ್ತಿನೊಡನೆ ಬರಿಯ ನೊಗ ಹೊರಿಸಿ ನಡೆಸುವುದು.

೪. ಐದನೆಯ ವಾರ: ಹಗುರವಾದ ಮರದ ತುಂಡನ್ನೋ, ಸಮ ರಸ್ತೆಯಲ್ಲಿ ಖಾಲಿ ಟೈರು ಗಾಡಿಯನ್ನೋ ಎಳೆಸುವುದು. ಅರ್ಧ ಗಂಟೆಯಿಂದ ಒಂದು ಗಂಟೆ.

೫. ಆರನೆಯ ವಾರ: ಹದವಿರುವ ಹಗುರ ಮಣ್ಣಿನಲ್ಲಿ ಎಡೆಕುಂಟೆ. ಬೆಳಗಿನ ತಂಪಿನಲ್ಲಿ ಒಂದೆರಡು ಗಂಟೆ.

೬. ಏಳನೆಯ ವಾರ: ಕೂರಿಗೆ, ಅನಂತರ ಕುಂಟೆ. ಅರ್ಧ ದಿನ, ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ನಿಲುಗಡೆ.

೭. ಎಂಟನೆಯ ವಾರದಿಂದ: ತೆಳುವಾದ ನೇಗಿಲ ಸಾಲು, ಅರ್ಧ ದಿನ. ಎರಡು ವಾರ ತೊಂದರೆಯಿಲ್ಲದೆ ನಡೆದರೆ ಪೂರ್ತಿ ದಿನ. ತುಂಬಿದ ಗಾಡಿ, ಹಳ್ಳದ ದಾರಿ, ಆಳದ ಉಳುಮೆ ಎಲ್ಲಕ್ಕಿಂತ ಕೊನೆಗೆ.

ಒಂದು ಸಲಕ್ಕೆ ಒಂದನ್ನು ಮಾತ್ರ ಹೆಚ್ಚಿಸಬೇಕು. ಹೊತ್ತು ಹೆಚ್ಚಿಸಿದ ದಿನ ಭಾರ ಹೆಚ್ಚಿಸಬಾರದು, ಭಾರ ಹೆಚ್ಚಿಸಿದ ದಿನ ಹೊಸ ನೆಲಕ್ಕೆ ಇಳಿಸಬಾರದು. ಕೆಲಸಕ್ಕೆ ಮುಂಚೆ ಹತ್ತು ನಿಮಿಷ ಬರಿಗೈಯಲ್ಲಿ ನಡೆಸಿ ಮೈ ಬಿಸಿಮಾಡುವುದು ಒಳ್ಳೆಯ ರೂಢಿ.

ಮರುದಿನ ಬೆಳಗಿನ ಪರೀಕ್ಷೆ

ಮೇಲಿನ ವಾರಗಳ ಲೆಕ್ಕ ಒಂದು ಅಂದಾಜು ಅಷ್ಟೆ. ಮುಂದಿನ ಮೆಟ್ಟಿಲಿಗೆ ಅಪ್ಪಣೆ ಕೊಡಬೇಕಾದುದು ಎತ್ತು. ದುಡಿಯುವಾಗ ಮೈ ಬಿಸಿಯೇರಿ ನೋವು ಮರೆಯುವುದುಂಟು. ಮರುದಿನ ಬೆಳಿಗ್ಗೆ ಕೊಟ್ಟಿಗೆಯಿಂದ ಹೊರಬರುವಾಗಿನ ಮೊದಲ ಹತ್ತು ಹೆಜ್ಜೆಗಳು ನಿಜವನ್ನು ಹೇಳುತ್ತವೆ. ಮುಂಗಾಲು ನೋಯುತ್ತಿದ್ದರೆ ಆ ಕಾಲೂರಿದಾಗ ತಲೆ ಮೇಲಕ್ಕೆ ಏಳುತ್ತದೆ. ಹಿಂಗಾಲು ನೋಯುತ್ತಿದ್ದರೆ ಆ ಬದಿಯ ಚಪ್ಪೆಯ ಎಲುಬು ಹೆಚ್ಚು ಏರಿಳಿಯುತ್ತದೆ, ಗೊರಸಿನ ತುದಿ ನೆಲಕ್ಕೆ ಉಜ್ಜುತ್ತದೆ. ಹೆಜ್ಜೆ ನಿನ್ನೆಯಂತೆಯೇ ಇದ್ದರೆ ಮುಂದುವರಿಯಬಹುದು. ಬಿಗಿತ, ಬಿಸಿ ಅಥವಾ ಹೊಸ ಊತ ಕಂಡರೆ ಒಂದು ದಿನ ಬಿಟ್ಟು, ಒಂದು ಮೆಟ್ಟಿಲು ಕೆಳಗಿಳಿದು ಮೂರು ನಾಲ್ಕು ದಿನ ಅಲ್ಲಿಯೇ ಇರಬೇಕು.

ಇನ್ನೊಂದು ಸುಲಭ ಅಳತೆ ಇದೆ. ವಾರಕ್ಕೊಮ್ಮೆ ಒಂದು ದಾರದಿಂದ ಎರಡೂ ತೊಡೆಗಳ ಸುತ್ತಳತೆಯನ್ನು ಒಂದೇ ಎತ್ತರದಲ್ಲಿ ತೆಗೆದು, ದಾರಕ್ಕೆ ಗಂಟು ಹಾಕಿಡಬೇಕು. ಸೊರಗಿದ ತೊಡೆ ವಾರದಿಂದ ವಾರಕ್ಕೆ ಇನ್ನೊಂದರ ಸಮಕ್ಕೆ ಬರುತ್ತಿದ್ದರೆ ಮಾಂಸ ಕಟ್ಟುತ್ತಿದೆಯೆಂದು ಅರ್ಥ. ಇದನ್ನು ಊತ ಪೂರ್ತಿ ಇಳಿದ ಮೇಲೆಯೇ ಆರಂಭಿಸಬೇಕು.

ನೊಗದಲ್ಲಿ ಭಾರ ಹಂಚುವ ಉಪಾಯ

ಗುಣವಾಗುತ್ತಿರುವ ಎತ್ತಿಗೂ ಗಟ್ಟಿ ಎತ್ತಿಗೂ ಸಮನಾದ ಭಾರ ಬೀಳುವುದು ಬೇಡ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತೆ, ಸಮಬಲವಿಲ್ಲದ ಜೋಡಿಯಲ್ಲಿ ನೊಗ ಓರೆಯಾಗಿ ಎರಡಕ್ಕೂ ಕಷ್ಟ. ಇದಕ್ಕೆ ನೊಗದಲ್ಲಿಯೇ ಪರಿಹಾರವಿದೆ. ಈಸು ಕಟ್ಟುವ ಜಾಗವನ್ನು ನೊಗದ ನಡುವಿನಿಂದ ಗಟ್ಟಿ ಎತ್ತಿನ ಕಡೆಗೆ ಸರಿಸಿದರೆ ಅದಕ್ಕೆ ಹೆಚ್ಚು ಭಾರ, ಇನ್ನೊಂದಕ್ಕೆ ಕಡಿಮೆ ಭಾರ ಬೀಳುತ್ತದೆ.

ಎರಡು ಹೆಗಲುಗಳ ನಡುವಿನ ಅಂತರ ೪೮ ಅಂಗುಲವೆಂದು ಇಟ್ಟುಕೊಳ್ಳೋಣ. ಈಸು ನಟ್ಟ ನಡುವೆ, ಅಂದರೆ ೨೪ ಅಂಗುಲದಲ್ಲಿದ್ದರೆ ೬೦ ಕಿಲೋ ಎಳೆತದಲ್ಲಿ ತಲಾ ೩೦ ಕಿಲೋ. ನಾಲ್ಕು ಅಂಗುಲ ಗಟ್ಟಿ ಎತ್ತಿನ ಕಡೆ ಸರಿಸಿದರೆ ಅದಕ್ಕೆ ೩೫, ಪೆಟ್ಟಾದುದಕ್ಕೆ ೨೫. ಇದಕ್ಕಿಂತ ಹೆಚ್ಚು ಸರಿಸಿದರೆ ಗಟ್ಟಿ ಎತ್ತೂ ಕೆಟ್ಟೀತು. ಒಟ್ಟು ಎಳೆತವನ್ನೂ ಕಡಿಮೆ ಇಟ್ಟುಕೊಂಡೇ ಈ ಉಪಾಯ ಮಾಡಬೇಕು. ಮೆಟ್ಟಿಲು ಏರಿದಂತೆ ಈಸನ್ನು ಅಂಗುಲ ಅಂಗುಲವಾಗಿ ನಡುವಿಗೆ ತಂದು, ಪೂರ್ತಿ ದಿನದ ಕೆಲಸಕ್ಕೆ ಮುಂಚೆ ಸಮ ಮಾಡಬೇಕು. ಎತ್ತು ಸಾಲಿನೊಳಗೆ ನಡೆಯಬೇಕಾದ ನೇಗಿಲಿನಲ್ಲಿ ಪೆಟ್ಟಾದ ಎತ್ತನ್ನು ಸಾಲಿಗೆ ಬಿಡದೆ ಗಟ್ಟಿ ನೆಲದ ಬದಿಗೆ ಹೂಡುವುದು ಲೇಸು.

ಮೇವು

ದುಡಿಮೆಯಿಲ್ಲದ ಎತ್ತಿಗೆ ದುಡಿಮೆಯ ದಿನಗಳಷ್ಟು ತಿಂಡಿ ಬೇಡ. ಆದರೆ ಪೂರ್ತಿ ನಿಲ್ಲಿಸುವುದು ತಪ್ಪು, ಏಕೆಂದರೆ ಹೊಸ ಮಾಂಸ ಕಟ್ಟಲು ಸಸಾರಜನಕ ಬೇಕೇ ಬೇಕು. ತೌಡು ಬೂಸಾ ಮೊದಲಾದುವನ್ನು ಅರ್ಧಕ್ಕೆ ಇಳಿಸಿ, ಅರ್ಧದಿಂದ ಒಂದು ಕಿಲೋ ಕಡಲೆಕಾಯಿ ಹಿಂಡಿಯನ್ನೋ ಬೇಯಿಸಿದ ಹುರುಳಿಯನ್ನೋ ಮುಂದುವರಿಸಬೇಕು. ಒಣ ಮೇವಿನ ಜೊತೆಗೆ ಐದಾರು ಕಿಲೋ ಹಸಿರು ಮೇವು, ೩೦ ಗ್ರಾಂ ಉಪ್ಪು, ೩೦ರಿಂದ ೫೦ ಗ್ರಾಂ ಖನಿಜ ಮಿಶ್ರಣ ಕೊಡಬೇಕು. ಕೆಲಸ ಹೆಚ್ಚಿಸಿದಂತೆ ತಿಂಡಿಯನ್ನೂ ನಿಧಾನವಾಗಿ ಹೆಚ್ಚಿಸಬೇಕು.

ಹಂಗಾಮು ಕಾಯುವುದಿಲ್ಲವಲ್ಲ?

ರೈತನ ನಿಜವಾದ ಕಷ್ಟ ಇಲ್ಲಿದೆ. ಎಂಟು ವಾರ ಕಾದರೆ ಬಿತ್ತನೆಯ ಕಾಲವೇ ಹೋಗುತ್ತದೆ. ಇದಕ್ಕೆ ದಾರಿಗಳಿವೆ. ಮುಯ್ಯಿ ಪದ್ಧತಿ ಉಳಿದಿರುವ ಊರುಗಳಲ್ಲಿ ಗಟ್ಟಿ ಎತ್ತಿಗೆ ನೆರೆಯವರ ಒಂದು ಎತ್ತನ್ನು ಜೊತೆ ಮಾಡಿ ಸರದಿಯ ಮೇಲೆ ಎರಡೂ ಹೊಲಗಳನ್ನು ಬಿತ್ತಬಹುದು. ಉಳುಮೆಯನ್ನು ಬಾಡಿಗೆ ಟ್ರ್ಯಾಕ್ಟರಿನಿಂದ ಮಾಡಿಸಿ, ಹಗುರ ಕೆಲಸಗಳನ್ನು ಮಾತ್ರ ಎತ್ತಿಗೆ ಉಳಿಸಿಕೊಳ್ಳಬಹುದು. ಹಿಂದಿನ ಹಂಗಾಮಿನಲ್ಲಿ ಚೆನ್ನಾಗಿ ಉತ್ತಿದ್ದ ಹಗುರ ಭೂಮಿಯಾದರೆ ಈ ಸಲ ಕುಂಟೆ ಹೊಡೆದು ಬಿತ್ತಿದರೂ ನಡೆಯುತ್ತದೆ. ಬಿತ್ತನೆ ತಡವಾಗುವುದೇ ಆದರೆ ಕಡಿಮೆ ಅವಧಿಯ ರಾಗಿ ತಳಿಯನ್ನು ಆರಿಸಿಕೊಳ್ಳಬಹುದು.

ಒಂದು ಬಿತ್ತನೆಗೆ ಕೊಡುವ ಬಾಡಿಗೆ ಕೈಬಿಡುವಾಗ ಭಾರವೆನಿಸುತ್ತದೆ. ಅದನ್ನು ಎತ್ತಿನ ಬೆಲೆಯ ಪಕ್ಕದಲ್ಲಿಟ್ಟು ನೋಡಬೇಕು. ಚೆನ್ನಾಗಿ ಗುಣವಾದ ಹರೆಯದ ಎತ್ತು ಇನ್ನೂ ಹಲವು ಹಂಗಾಮುಗಳನ್ನು ದುಡಿಯುತ್ತದೆ. ಹಂಗಾಮಿನ ನಡುವೆ ಕೆಟ್ಟ ಎತ್ತಿಗೆ ಜೊತೆ ಹುಡುಕುವ ರೈತ ಹೇಳಿದ ಬೆಲೆ ಕೊಡಬೇಕಾಗುತ್ತದೆ, ಜೊತೆ ಹೊಂದುವುದೆಂಬ ಭರವಸೆಯೂ ಇಲ್ಲ.

ಮತ್ತೆ ಪೆಟ್ಟಾಗದಂತೆ

ಬೇಸಿಗೆಯೆಲ್ಲ ಕಟ್ಟಿದಲ್ಲೇ ನಿಂತ ಎತ್ತನ್ನು ಮೊದಲ ಮಳೆಗೆ ಇಡೀ ದಿನ ಹೂಡುವುದೇ ಎಷ್ಟೋ ಪೆಟ್ಟುಗಳಿಗೆ ಮೂಲ. ಮಳೆಗೆ ಎರಡು ಮೂರು ವಾರ ಮುಂಚಿನಿಂದಲೇ ಗೊಬ್ಬರದ ಗಾಡಿಯಂಥ ಹಗುರ ಕೆಲಸದಿಂದ ಮೈ ಪಳಗಿಸಬೇಕು. ನೊಗದ ಅಡಿಭಾಗ ಅಗಲವಾಗಿ, ನುಣುಪಾಗಿ, ಹೆಗಲಿಗೆ ಹೊಂದುವಂತಿರಬೇಕು. ಹೆಗಲು ಹುಣ್ಣಾದ ಎತ್ತು ಓರೆಯಾಗಿ ಎಳೆದು ಬೇರೆಡೆ ಪೆಟ್ಟು ಮಾಡಿಕೊಳ್ಳುತ್ತದೆ. ಸಾಲಿಗೆ ಅಡ್ಡ ಬರುವ ಕಲ್ಲು ಬೇರುಗಳನ್ನು ಬೇಸಿಗೆಯಲ್ಲಿಯೇ ತೆಗೆಯಬೇಕು. ಲಾಳ ಕಟ್ಟಿಸುವಾಗ ಎತ್ತನ್ನು ಗಟ್ಟಿ ನೆಲದ ಮೇಲೆ ಕೆಡವುವುದರಿಂದಲೂ ಭುಜ ತೊಡೆಗಳು ಕೆಡುತ್ತವೆ. ಮರಳಿನ ಮೇಲೋ ಹುಲ್ಲಿನ ಮೇಲೋ ನಿಧಾನವಾಗಿ ಕೆಡವಬೇಕು. ಪೆಟ್ಟಾಗಿ ಗುಣವಾಗುತ್ತಿರುವ ಎತ್ತನ್ನು ಲಾಳಕ್ಕಾಗಿ ಕೆಡವಲೇಬಾರದು.

ನೆನಪಿನಲ್ಲಿ ಇಡಬೇಕಾದ ಅಂಶಗಳು

* ಕುಂಟುವ ಎತ್ತಿನ ಗೊರಸನ್ನು ಮೊದಲು ನೋಡಿ. ಜ್ವರದೊಡನೆ ಊತವಿದ್ದರೆ ಕೂಡಲೆ ಪಶುವೈದ್ಯರನ್ನು ಕರೆಯಿರಿ.
* ಮೊದಲ ಮೂರು ದಿನ ತಣ್ಣೀರು, ಆಮೇಲೆ ಶಾಖ.
* ಬರೆ ಬೇಡ, ಗೇರೆಣ್ಣೆ ಬೇಡ, ನಿಷೇಧಿತ ಮದ್ದು ಬೇಡ.
* ನೋವಿನ ಮದ್ದು ನಡೆದಿರುವಾಗ ಎತ್ತು ಹೂಡಬೇಡಿ.
* ನಡಿಗೆ, ಬರಿ ನೊಗ, ಖಾಲಿ ಗಾಡಿ, ಎಡೆಕುಂಟೆ, ಕೂರಿಗೆ, ಕುಂಟೆ, ನೇಗಿಲು – ಈ ಕ್ರಮ ತಪ್ಪಿಸಬೇಡಿ.
* ಪ್ರತಿದಿನ ಬೆಳಗಿನ ಮೊದಲ ಹತ್ತು ಹೆಜ್ಜೆಗಳನ್ನು ನೋಡಿ, ಆ ದಿನದ ಕೆಲಸ ನಿರ್ಧರಿಸಿ.